ಫ್ಲೋರಾಂತೆ ಮೇಸ್ತ್ರಿಯ ಥರ್ಮೋಸ್ಟಾಟ್ ಸರ

ನಮ್ಮ ಬೆಟ್ಟದ ಬುಡದಲ್ಲಿ ಫ್ಲೋರಾಂತೆಯಷ್ಟು ತಿಳಿದ ಮೇಸ್ತ್ರಿ ಇನ್ನೊಬ್ಬನಿಲ್ಲ. ಹೀಗೆಂದು ಹೇಳುವವನು ಫ್ಲೋರಾಂತೆಯೇ. ಅವನ ಗ್ಯಾರೇಜಿನ ಎದುರಿಗೇ ನನ್ನ ಊಟದ ಅಂಗಡಿ. ಇಪ್ಪತ್ತೆರಡು ವರ್ಷಗಳಿಂದ ಈ ಮಾತನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಗಾಡಿಯ ಮುಚ್ಚಳ ಎತ್ತುವ ಮೊದಲೇ ಅವನು ಕಾಯಿಲೆ ಹೇಳಿಬಿಡುತ್ತಾನೆ. ಕಣ್ಣು ಮುಚ್ಚಿ, ತಲೆ ವಾಲಿಸಿ, ಎಂಜಿನ್ನಿನ ಸದ್ದು ಕೇಳಿದರೆ ಸಾಕಂತೆ. ಹೇಳಿದ್ದು ತಪ್ಪಾದರೆ ತಪ್ಪು ಗಾಡಿಯದು.

ಅವನ ಗೋಡೆಯ ಮೇಲೆ ತಂತಿಗೆ ಪೋಣಿಸಿದ ಥರ್ಮೋಸ್ಟಾಟ್‌ಗಳ ಸರವಿದೆ. ಎಂಜಿನ್ನಿನ ನೀರು ಕಾದಾಗ ಬಾಯಿ ತೆರೆದು ಅದನ್ನು ರೇಡಿಯೇಟರಿಗೆ ಬಿಡುವ ಪುಟ್ಟ ಬಿಲ್ಲೆ ಅದು. ಯಾವ ಹಳೇ ಗಾಡಿ ಬಂದರೂ, ಯಾರೂ ಕೇಳದಿದ್ದರೂ, ಅದನ್ನು ಕಿತ್ತು ತಂತಿಗೆ ಸೇರಿಸುತ್ತಾನೆ. ಅದು ಹಿಮ ಬೀಳುವ ದೇಶದವರಿಗೆ ಬೇಕಾದ್ದು, ನಮಗಲ್ಲ ಎನ್ನುವುದು ಅವನ ಶಾಸ್ತ್ರ. ನಮ್ಮ ಕಡೆಯ ಮೇಸ್ತ್ರಿಗಳೆಲ್ಲ ಇದನ್ನೇ ಮಾಡುತ್ತಾರೆ, ನಿಜ. ಆದರೆ ಕಿತ್ತದ್ದನ್ನು ಪದಕಗಳ ಹಾಗೆ ನೇತುಹಾಕಿಕೊಂಡವನು ಇವನೊಬ್ಬನೇ.

ಈ ಬೇಸಿಗೆಯಲ್ಲಿ ನನ್ನ ಗಂಡ ಟಿನೊಯ್‌ನ ವ್ಯಾನಿಗೆ ಫ್ಲೋರಾಂತೆ ಎಂಜಿನ್ ಬೆಲ್ಟ್ ಹಾಕುವಾಗ ಅದರದ್ದನ್ನೂ ಕಿತ್ತ. ಮಂಗಳವಾರ, ಶುಕ್ರವಾರ ಊರಿನ ನಾಲ್ವರನ್ನು ಡಯಾಲಿಸಿಸ್‌ಗೆ ಬೆಟ್ಟದ ಮೇಲಿನ ಬಗಿಯೊ ಪಟ್ಟಣದ ಆಸ್ಪತ್ರೆಗೆ ಹೊತ್ತೊಯ್ಯುವ ವ್ಯಾನು ಅದು. ಆ ನಾಲ್ವರಲ್ಲಿ ಒಬ್ಬಳು ಅಡೋರಿಂಗ್, ಇದೇ ಫ್ಲೋರಾಂತೆಯ ಹೆಂಡತಿ.

ಮುಂದಿನ ವಾರದಿಂದಲೇ ಶುರುವಾಯಿತು. ಅರ್ಧ ಘಾಟಿ ಹತ್ತುವಷ್ಟರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಮುಟ್ಟುತ್ತಿತ್ತು, ಸೀಟಿನ ಕೆಳಗಿನಿಂದ ಹಬೆ ಏಳುತ್ತಿತ್ತು. ಫ್ಲೋರಾಂತೆ ಕಣ್ಣು ಮುಚ್ಚಿ ಕೇಳಿ ರೇಡಿಯೇಟರ್ ಅಂದ, ಬಿಚ್ಚಿ ತೊಳೆದರು. ನೀರಿನ ಪಂಪು ಅಂದ, ಬದಲಿಸಿದರು. ಕೊನೆಗೆ ಟಿನೊಯ್‌ಗೆ ಓಡಿಸಲು ಬರುವುದಿಲ್ಲ ಅಂದ. ವ್ಯಾನು ಮಾತ್ರ ಅದೇ ತಿರುವಿನಲ್ಲಿ ನಿಲ್ಲುತ್ತಿತ್ತು. ತಡವಾಗಿ ಹೋದವರಿಗೆ ಆಸ್ಪತ್ರೆಯಲ್ಲಿ ನಾಲ್ಕು ಗಂಟೆಯ ಬದಲು ಎರಡು ಗಂಟೆ ಸಿಕ್ಕರೆ ಹೆಚ್ಚು. ಅಡೋರಿಂಗ್‌ಳ ಕಾಲು ಬಾತುಕೊಳ್ಳತೊಡಗಿತು.

ಒಂದು ಮಂಗಳವಾರ ಹಾಗೆ ನಿಂತಾಗ ಅವಳಿಗೆ ಚಳಿ ತಡೆಯಲಾಗಲಿಲ್ಲ. ಆ ಕಾಯಿಲೆಯವರಿಗೆ ಚಳಿ ಜಾಸ್ತಿ. ಕೈ ಕಾಯಿಸಿಕೊಳ್ಳೋಣವೆಂದು ವ್ಯಾನಿನ ಮುಂದೆ ಹೋಗಿ ಜಾಲರಿಯೊಳಗೆ ಬೆರಳು ತೂರಿಸಿದಳು. ಹಿಂದೆ ಎಂಜಿನ್ ಕೊತಕೊತ ಕುದಿಯುತ್ತಿತ್ತು, ಮುಂದೆ ರೇಡಿಯೇಟರ್ ಬರೀ ಉಗುರುಬೆಚ್ಚಗಿತ್ತು.

ಸಂಜೆ ನನ್ನ ಅಂಗಡಿಯಲ್ಲಿ ಎಲ್ಲರೆದುರು ಅವಳು ಗಂಡನಿಗೆ ಹೇಳಿದಳು: "ಮುದುಕಾ, ಬಿಸಿ ನೀರು ಮುಂದಕ್ಕೆ ಬರ್ತಾನೇ ಇಲ್ಲ. ಒಳಗೊಳಗೇ ಸುತ್ತು ಹೊಡೀತಿದೆ. ಆ ಬಿಲ್ಲೆ ಕಿತ್ತ ಮೇಲೇ ಹೀಗಾಗಿದ್ದು. ವಾಪಸ್ ಹಾಕಿ ನೋಡು."

ಫ್ಲೋರಾಂತೆ ಅನ್ನದ ತಟ್ಟೆಯಿಂದ ತಲೆ ಎತ್ತಲಿಲ್ಲ. "ನಿನ್ನ ಕಿಡ್ನಿ ನೀನು ನೋಡ್ಕೋ, ಎಂಜಿನ್ ನಾನು ನೋಡ್ಕೋತೀನಿ."

ಗಿರಾಕಿಗಳು ನಕ್ಕರು. ಅವರಿಗೆ ನಾಚಿಕೆಯಾಗಬೇಕಿತ್ತು. ಅಡೋರಿಂಗ್ ಮಾತ್ರ ಮೆಲ್ಲಗೆ, ಅದನ್ನು ಹಾಕುವವರೆಗೆ ತಾನು ಆ ವ್ಯಾನು ಹತ್ತುವುದಿಲ್ಲ ಎಂದಳು.

ಹತ್ತಲೂ ಇಲ್ಲ. ಶುಕ್ರವಾರ ಟಿನೊಯ್ ಹಾರ್ನ್ ಹೊಡೆದು ಹೊಡೆದು ಮೂವರನ್ನೇ ಕರೆದುಕೊಂಡು ಹೋದ. ಗಂಡ ಅನ್ನಿಸಿಕೊಂಡವನು ಎದುರಿಗೇ ನಿಂತು ಯಾವುದೋ ಬೈಕಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಶನಿವಾರ ಅವಳ ಮುಖ ಊದಿತು. ಭಾನುವಾರ ಬೆಳಿಗ್ಗೆ ಮಲಗಿದರೆ ಉಸಿರು ಕಟ್ಟುತ್ತದೆಂದು ಕುರ್ಚಿಯಲ್ಲೇ ಕೂತಿದ್ದಳು. ಆಗ ಈ ಮಹಾಶಯ ಗೋಡೆಯ ಮೇಲಿನ ಸರದ ತಂತಿ ಬಿಚ್ಚಿದ.

ಇರುವುದು ನಲವತ್ತರ ಮೇಲೆ, ಯಾವುದು ಯಾವ ಗಾಡಿಯದೆಂದು ಗುರುತಿಲ್ಲ. ಐದನೆಯದು ಅಳತೆಗೆ ಕೂತಿತು. ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡಲು ನನ್ನ ಒಲೆಗೇ ಬಂದ. ಕುದಿಯುವ ನೀರಿಗೆ ಹಾಕಿದರೆ ಬಿಲ್ಲೆ ಮೆಲ್ಲಗೆ ಬಾಯಿ ತೆರೆಯಿತು, ಅದರ ಕೆಳಗಿನ ಇನ್ನೊಂದು ಬಿಲ್ಲೆ ಅಷ್ಟೇ ಕೆಳಗಿಳಿಯಿತು. ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುವ ದಾರಿಯನ್ನು ಮುಚ್ಚುವುದು ಆ ಕೆಳಗಿನದು. ಇಷ್ಟು ಕಾಲ ಕಿತ್ತು ಹಾಕಿದವನು ಅದನ್ನು ಅಂದೇ ಮೊದಲು ಕಂಡ. "ಅಣ್ಣಾ, ಯಾವ ಸದ್ದು ಕೇಳಿಸ್ತಿದೆ ಈಗ?" ಎಂದು ನಾನು ಕೇಳಿದೆ. ಅವನು ಬಿಲ್ಲೆಯನ್ನು ಸೌಟಿನಲ್ಲಿ ಎತ್ತಿಕೊಂಡು ಹೋಗಿ ವ್ಯಾನಿಗೆ ಹಾಕಿದ.

ಆಸ್ಪತ್ರೆಯವರು ಸೋಮವಾರವೇ ಕರೆತನ್ನಿ ಎಂದರು. ಅಡೋರಿಂಗ್‌ಳ ಚೀಲ ಹಿಡಿದು ನಾನೂ ಹೋದೆ, ಅವಳ ಡಯಾಲಿಸಿಸ್ ಶುರುವಾದ ಎರಡು ವರ್ಷದಲ್ಲಿ ಮೊದಲ ಸಲ ಫ್ಲೋರಾಂತೆಯೂ ಬಂದ. ವ್ಯಾನು ಎಲ್ಲೂ ನಿಲ್ಲದೆ ಘಾಟಿ ಹತ್ತಿತು. ಮುಳ್ಳು ಅರ್ಧ ದಾಟಲಿಲ್ಲ.

ನರ್ಸ್ ಅವಳ ಮುಖ ನೋಡಿದವಳೇ ಬೈಯತೊಡಗಿದಳು. ಜೀವದ ಮೇಲೆ ಆಸೆ ಇಲ್ಲವೇ, ಶುಕ್ರವಾರ ಯಾಕೆ ಬರಲಿಲ್ಲ ಎಂದು ಕೇಳಿದಳು.

"ಸೋಮಾರಿತನ ಮೇಡಂ," ಎಂದಳು ಅಡೋರಿಂಗ್.

ನಾನು ಫ್ಲೋರಾಂತೆಯ ಕಡೆ ನೋಡಿದೆ. ಈಗಲಾದರೂ ಬಾಯಿ ಬಿಡುತ್ತಾನೆ ಅಂದುಕೊಂಡೆ. ಬಿಟ್ಟ.

"ಎಷ್ಟು ಹೇಳಿದ್ರೂ ಕೇಳಲ್ಲ ಮೇಡಂ ಇವಳು. ನೀವೇ ಸ್ವಲ್ಪ ಬುದ್ಧಿ ಹೇಳಿ."

ನಾನು ಮಾತು ಶುರುಮಾಡುವಷ್ಟರಲ್ಲಿ ಅಡೋರಿಂಗ್ ಬಾತುಕೊಂಡ ಬೆರಳುಗಳಲ್ಲಿ ನನ್ನ ಮಣಿಕಟ್ಟು ಹಿಡಿದಳು. ಸೂಜಿ ಚುಚ್ಚಿ ಮುಗಿಯುವವರೆಗೂ ಬಿಡಲಿಲ್ಲ.