ಮಧ್ಯಾಹ್ನ ಓಡಿದ ಬೆಂಕಿ

ಇಂಜಿನಿಯರಿಂಗ್ ಕೊನೆಯ ವರ್ಷ ನನ್ನ ಪ್ರಾಜೆಕ್ಟ್ ಇಷ್ಟೇ: ಒಂದು ಮೀಟರ್ ಉದ್ದದ ಕಬ್ಬಿಣದ ತಟ್ಟೆಯಲ್ಲಿ ಎಣ್ಣೆ ಸುರಿದು, ಒಂದು ತುದಿಗೆ ಬೆಂಕಿ ಹಚ್ಚಿ, ಇನ್ನೊಂದು ತುದಿ ಮುಟ್ಟಲು ಅದಕ್ಕೆ ಎಷ್ಟು ಸೆಕೆಂಡ್ ಬೇಕು ಎಂದು ಅಳೆಯುವುದು. ಸ್ಪಿರಿಟ್ ಆದರೆ ಹಚ್ಚಿದ್ದೇ ತಡ, ಬೆಂಕಿ ಆ ತುದಿಯಲ್ಲಿರುತ್ತಿತ್ತು. ಡೀಸೆಲ್ ಬತ್ತಿ ಇಡದೆ ಹತ್ತುತ್ತಲೇ ಇರಲಿಲ್ಲ. ತಕರಾರು ಸೀಮೆಎಣ್ಣೆಯದು. ಮುಂಜಾನೆ ತೆವಳಿದ ಬೆಂಕಿ ಮಧ್ಯಾಹ್ನ ಓಡುತ್ತಿತ್ತು. ಅದೇ ಡಬ್ಬಿ, ಅದೇ ತಟ್ಟೆ.

ನಾನು ಕಮಲಾಪುರದಿಂದ ಕಲಬುರಗಿಗೆ ದಿನಾ ಬಸ್ಸಿನಲ್ಲಿ ಬರುವವಳು. ಗೈಡ್ ಸರ್ ನಾನು ಅಳತೆ ಬರೆದಿಟ್ಟ ಪುಸ್ತಕ ತಿರುವಿ ನೋಡಿ, "ಖರೇ ಹೇಳವಾ, ಅಳದು ಬರದೀಯೋ, ಬಸ್ಸಿನ್ಯಾಗ ಕುಂತು ಬರದೀಯೋ?" ಎಂದರು.

"ಅಳದೇ ಬರದೀನ್ರಿ ಸರ್."

ಹಾಗಾದರೆ ಎರಡೂ ಹೊತ್ತು ಒಂದೇ ಉತ್ತರ ತೋರಿಸು, ಸಹಿ ಆಮೇಲೆ ಎಂದು ಪುಸ್ತಕ ನನ್ನ ಕಡೆ ಸರಿಸಿದರು.

ಸಹಿ ಇಲ್ಲದಿದ್ದರೆ ಡಿಗ್ರಿ ಇಲ್ಲ. ನಮ್ಮ ಮನೆಯಲ್ಲಿ ಅಲ್ಲಿಯತನಕ ಏಳನೇ ಇಯತ್ತೆ ದಾಟಿದವರೇ ಇರಲಿಲ್ಲ. ಅವ್ವ ಮಾತ್ರ ಊರಲ್ಲಿ ನನ್ನನ್ನು ಆಗಲೇ ಇಂಜಿನಿಯರ್ ಮಾಡಿಬಿಟ್ಟಿದ್ದಳು.

ಅವ್ವ ಕಮಲಾಪುರದ ಬಸ್ ಸ್ಟ್ಯಾಂಡ್ ಹತ್ತಿರ ಕೆಂಪು ಬಾಳೆಹಣ್ಣು ಮಾರುತ್ತಾಳೆ. ಆ ಸಂಜೆ ಬಸ್ಸಿಳಿದು ಪಕ್ಕದಲ್ಲಿ ಕೂತೆ. ಬುಟ್ಟಿಗೆ ಹೊದಿಸಿದ ಗೋಣಿ ತಟ್ಟಿನ ಮೇಲೆ ನೀರು ಚಿಮುಕಿಸುತ್ತಿದ್ದಳು. ಒಂದು ಹಣ್ಣು ಒತ್ತಿ ನೋಡಿ ಬೇರೆ ಇಟ್ಟಳು. ಇದರ ಮೇಲಿನ ತಟ್ಟು ಸರಿದಿತ್ತು, ಬಿಸಿಲು ತಿಂದದ, ಮುಂಜಾನೆಯ ಹಣ್ಣಲ್ಲ ಇದು ಈಗ ಎಂದು ಗೊಣಗಿದಳು.

ನನಗೆ ಡಬ್ಬಿ ನೆನಪಾಯಿತು. ಎಣ್ಣೆಯನ್ನು ಲ್ಯಾಬಿನೊಳಗೆ ಇಡಲು ಬಿಡುತ್ತಿರಲಿಲ್ಲ, ಹಿಂದಿನ ತಗಡಿನ ಶೆಡ್ಡಿನಲ್ಲಿ ಇರುತ್ತಿತ್ತು. ಏಪ್ರಿಲ್ ಮಧ್ಯಾಹ್ನ ಬರಿಗೈಯಲ್ಲಿ ಹಿಡಿಯಲಾಗದೆ ದುಪಟ್ಟಾ ಸುತ್ತಿ ತರುತ್ತಿದ್ದೆ. ದುಪಟ್ಟಾ ಸುತ್ತುವಷ್ಟು ಬುದ್ಧಿ ಇತ್ತು, ಒಳಗೊಂದು ಥರ್ಮಾಮೀಟರ್ ಅದ್ದುವಷ್ಟು ಇರಲಿಲ್ಲ.

ಮರುದಿನ ಮುಂಜಾನೆ ಎಣ್ಣೆ ಎಷ್ಟು ತಂಪಿದೆ ಎಂದು ಮೊದಲು ಬರೆದುಕೊಂಡೆ. ಆಮೇಲೆ ಸ್ವಲ್ಪ ಎಣ್ಣೆ ಬೇರೆ ತೆಗೆದು ಶೆಡ್ಡಿನಲ್ಲೇ ಬಿಟ್ಟು, ಡಬ್ಬಿಗೆ ಒದ್ದೆ ತಟ್ಟು ಸುತ್ತಿ ನೆರಳಿಗೆ ಇಟ್ಟೆ. ಮಧ್ಯಾಹ್ನ ಅಷ್ಟೇ ತಂಪಿತ್ತು. ಸ್ಟಾಪ್‌ವಾಚ್ ಸರ್ ತಾವೇ ಹಿಡಿದರು. ಬೆಂಕಿ ಮುಂಜಾನೆಯ ಹಾಗೆಯೇ ತೆವಳಿತು. ಇನ್ನೊಮ್ಮೆ ಅಂದರು, ಮತ್ತೂ ತೆವಳಿತು. ಶೆಡ್ಡಿನ ಬಿಸಿ ಎಣ್ಣೆ ತರಿಸಿದರು, ಅದು ಓಡಿತು. ಸರ್ ತಪ್ಪಾಯಿತು ಅನ್ನಲಿಲ್ಲ. ಸಹಿ ಹಾಕಿ, ನನಗೂ ಒಂದು ಚಹಾ ಹೇಳಿದರು.

ಅವ್ವನಿಗೆ ಎಲ್ಲ ಬಿಡಿಸಿ ಹೇಳಿದೆ. "ಚಿಮಣಿ ಎಣ್ಣಿಗಿ ತಟ್ಟು ಹೊಚ್ಚಲಾಕ ನಾಕ್ ವರ್ಷ ಕಾಲೇಜ್ ಬೇಕಾತೇನ್ ನಿನಗ?" ಎಂದು ನಕ್ಕಳು.

ಈಗಲೂ ಅವ್ವ ಹಣ್ಣು ಕೊಳ್ಳುವವರಿಗೆ, ನನ್ನ ಮಗಳು ಬೆಂಕಿಯ ಓಟ ಅಳೆದು ಪಾಸಾದಾಕಿ ಎಂದು ಹೇಳದೆ ಚೀಲ ಕೈಗೆ ಕೊಡುವುದಿಲ್ಲ. ತಟ್ಟಿನ ಮಾತು ಮಾತ್ರ ಯಾರಿಗೂ ಹೇಳುವುದಿಲ್ಲ.