ಗಿಟಾರ್ ಒರೆಸಿದ ಅರಿವೆ

ಕೌಲ್ ಬಜಾರಿನ ಹಾರ್ಮೋನಿಯಂ ರಿಪೇರಿ ಅಂಗಡಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಸಿರುಗುಪ್ಪದಿಂದ ಬರುವ ಬಸ್ಸಿನಲ್ಲಿ ಪರಿಚಯವಾದ ಅಮೆರಿಕದ ಹಿಪ್ಪಿ ಗಿಟಾರಿಗನನ್ನು ನಿನ್ನೆ ಇಲ್ಲಿಗೆ ಕರೆತಂದವನು ನಾನೇ, ನನ್ನ ಬುದ್ಧಿಗಿಷ್ಟು! ತನ್ನ ನಾಡಿನ ದಕ್ಷಿಣ ಸೀಮೆಯ ರಾಕ್, ಕಟ್ಟುಪಾಡು ಮುರಿದ ಪುಂಡರ ಹಳ್ಳಿಗಾಡಿನ ಕಂಟ್ರಿ ಹಾಡು, ಅಮಲೇರಿಸುವ ಬ್ಲೂಸ್ ಮೂರನ್ನೂ ಕಲಸಿ ನುಡಿಸುವವನು ಅವನು. ಗಿಟಾರಿನ ತಂತಿ ಬಿಗಿಯುವ ಒಂದು ಬಿರಡೆ ಮುರಿದಿತ್ತು, ಅಷ್ಟೇ; ರಿಪೇರಿಗೆ ಬಿಟ್ಟು ಹೋಗಿದ್ದೆವು.

ಇವತ್ತು ಅಂಗಡಿಯ ಖಾಸಿಂ ಸಾಬರು ಅವನ ಕೈಗಿಟ್ಟ ಗಿಟಾರು ಕನ್ನಡಿಯಂತೆ ಹೊಳೆಯುತ್ತಿತ್ತು.

“ಯಾರೋ ಮೈತುಂಬ ಗೀಚಿದ್ರು ನೋಡ್ರಿ. ಹೊಲಸು ವಾದ್ಯ ನಮ್ಮ ಹೊಸ್ತಿಲ ದಾಟಂಗಿಲ್ಲ. ಎಲ್ಲಾ ತಿಕ್ಕಿ ತೆಗದೀನಿ.”

ಗಿಟಾರಿಗ ಬೋಳು ಮರದ ಮೇಲೆ ಬೆರಳಾಡಿಸಿದ. ಕೊನೆಗೆ ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನೇ ಕನ್ನಡದಲ್ಲಿ ಹೇಳಬೇಕಾಯಿತು: ಅವು ಅವನ ತಂಡದವರು ಹಾಕಿದ ರುಜುಗಳು, ಅವರಲ್ಲಿ ಇಬ್ಬರು ಈಗಿಲ್ಲ.

“ಯಾ ಅಲ್ಲಾ!” ಸಾಬರು ತಲೆಯ ಮೇಲೆ ಕೈಹೊತ್ತು ಕುಸಿದರು. ಆಮೇಲೆ ಕಸದ ಬುಟ್ಟಿ ಕೆದಕಿ, ನೀಲಿ ಮಸಿ ಕುಡಿದ ಅರಿವೆಯೊಂದನ್ನು ಹೊರತೆಗೆದರು.

“ಅವ್ರಿಗೆ ಹೇಳ್ರಿ, ಹೆಸರು ಎಲ್ಲೂ ಹೋಗಿಲ್ಲ. ಇದರಾಗ ಅದಾವ.”

ನಾನು ಬಾಯಿ ತೆರೆಯುವ ಮೊದಲೇ ಅವನು ಅದನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡು, ಮಡಿಸಿ, ಎದೆಯ ಜೇಬಿಗಿಟ್ಟುಕೊಂಡ.