ಬಿಸಿಲು ಕೇಳದ ಗಿಡಗಳು

ಹಾನಗಲ್ಲಿನಲ್ಲಿ ಜಂಪರು ಹೊಲಿದು ಬದುಕುವ ಶೀಲಾಳಿಗೆ ಪಕ್ಕದ ಮನೆಯ ಬಸವಣ್ಣೆಪ್ಪ ಮಾಸ್ತರರನ್ನು ಕಂಡರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಿವೃತ್ತರಾದ ಮೇಲೆ ಅವರು ಮನೆಯ ಮೇಲೆ ಇನ್ನೊಂದು ಮನೆ ಏರಿಸಿ, ಅಂಗಳದ ಮಣ್ಣು ಒಂದಿಷ್ಟೂ ಕಾಣದಂತೆ ಟೈಲ್ಸ್ ಹಾಕಿಸಿದರು. ಆ ಮೇಲಿನ ಮನೆಯ ಗೋಡೆ ಎದ್ದ ವರ್ಷವೇ ಶೀಲಾಳ ಹಿತ್ತಲಿಗೆ ಬಿಸಿಲು ಬೀಳುವುದು ನಿಂತಿತು. ಮಲ್ಲಿಗೆ ಬಳ್ಳಿ ಸತ್ತಿತು. ಹೇಳಲು ಹೋದರೆ ಮಾಸ್ತರರು ಪೇಪರಿನಿಂದ ತಲೆ ಎತ್ತಲಿಲ್ಲ.

"ಬಿಸಲ ಬೇಕಂದ್ರ ಮಾಳಗಿ ಮ್ಯಾಲ ಗಿಡಾ ಹಚ್ರಿ" ಎಂದರು.

ಶೀಲಾಳದು ಹಂಚಿನ ಮನೆ. ಮೂವತ್ತು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದವನಿಗೆ ಹಂಚಿಗೂ ಮಾಳಿಗೆಗೂ ಫರಕು ಗೊತ್ತಿಲ್ಲ ಎಂದುಕೊಂಡು ಅವಳು ತಿರುಗಿ ಬಂದಳು. ಬಿಸಿಲು ಕೇಳದ ಗಿಡಗಳನ್ನೇ ಬೆಳೆಸಬೇಕೆಂದು ಹಟ ಹುಟ್ಟಿದ್ದು ಅಂದೇ.

ಅವಳ ತವರು ಮಾಸೂರು. ಅಲ್ಲಿ ಬಾವಿಯ ಪಕ್ಕದ ನೆರಳಿನ ಕೆಸರಿನಲ್ಲಿ ಜರಿಗಿಡ, ಒಂದೆಲಗ, ಬಜೆ, ಕೆಸು ಯಾರೂ ನೋಡಿಕೊಳ್ಳದೆ ಬೆಳೆಯುತ್ತಿದ್ದವು. ಬೇರು ಸಮೇತ ಕಿತ್ತು ಗೋಣಿಚೀಲದಲ್ಲಿ ತಂದಳು. ಹಿತ್ತಲಿನಲ್ಲಿ ಮೊಣಕಾಲಾಳದ ಗುಂಡಿ ತೋಡಿ, ಹಳೆಯ ತಾಡಪಾಲು ಹಾಸಿ, ಕೆರೆಯ ಹೂಳು ತುಂಬಿ, ನೀರು ಬಿಟ್ಟು ಎಲ್ಲವನ್ನೂ ನೆಟ್ಟಳು. ತಿಂಗಳೊಳಗೆ ಬೇರು ಕೊಳೆತು ಗಬ್ಬು ನಾತ ಎದ್ದಿತು. ಆಗ ಅವಳಿಗೆ ಮಾಸ್ತರರಿಗಿಂತ ತನ್ನ ಮೇಲೆಯೇ ಹೆಚ್ಚು ಹೇಸಿಗೆಯಾಯಿತು. ಕೈ ತೂರಲು ಜಾಗ ಬಿಡದೆ ಜಂಪರು ಹೊಲಿದಂತಾಗಿತ್ತು, ತಾಡಪಾಲಿಗೆ ಒಂದು ತೂತೂ ಇರಲಿಲ್ಲ. ಎಲ್ಲ ಬಗೆದು ತೆಗೆದು, ಕತ್ತರಿಯ ತುದಿಯಿಂದ ಅಲ್ಲಲ್ಲಿ ಚುಚ್ಚಿ, ತಳಕ್ಕೆ ಗರಸು ಕಲ್ಲು ಹರವಿ ಮತ್ತೆ ಹೂಳು ತುಂಬಿ, ತವರಿನಿಂದ ಹೊಸ ಬೇರು ತಂದು ನೆಟ್ಟಳು. ಈಗ ನೀರು ಮೆಲ್ಲಗೆ ಜಿನುಗಿ ಹೋಗುತ್ತಿತ್ತು, ಕೆಸರು ಮಾತ್ರ ಆರುತ್ತಿರಲಿಲ್ಲ. ಎರಡನೆಯ ಮಳೆಗಾಲಕ್ಕೆ ಕೆಸುವಿನ ಎಲೆ ಮೊರದಗಲವಾಯಿತು. ಓಣಿಯ ಬಾಣಂತಿಯರ ಮನೆಯವರು ಬಜೆ ಕೇಳಿಕೊಂಡು ಬರತೊಡಗಿದರು.

ಮಾಸ್ತರರಿಗೆ ಇದನ್ನು ಸಹಿಸಲಾಗಲಿಲ್ಲ. ಆ ಗುಂಡಿಯಿಂದಲೇ ಓಣಿಗೆಲ್ಲ ಸೊಳ್ಳೆ ಎಂದು ಆರೋಗ್ಯ ಇಲಾಖೆಗೆ ಅರ್ಜಿ ಬರೆದರು, ಅದೂ ಮೂರು ಪುಟ. ತಪಾಸಣೆಗೆ ಶ್ವೇತಾ ಎಂಬ ಆರೋಗ್ಯ ಕಾರ್ಯಕರ್ತೆ ಬಂದಳು. ಬ್ಯಾಟರಿ ಬಿಟ್ಟು ನೋಡಿದಳು, ಕೆಸರಿನಲ್ಲಿ ಬೆರಳು ಅದ್ದಿದಳು. ಇಲ್ಲಿ ನೀರು ನಿಂತೇ ಇಲ್ಲವಲ್ಲ, ಸೊಳ್ಳೆ ಎಲ್ಲಿ ಮೊಟ್ಟೆ ಇಡಬೇಕು ಎಂದು ಕೇಳಿದಳು. ಬಂದವಳು ಸುತ್ತಲಿನ ಮನೆಗಳನ್ನೂ ನೋಡಲೇಬೇಕಿತ್ತು. ಮಾಸ್ತರರ ಅಂಗಳದಲ್ಲಿ ಸಾಲಾಗಿ ಇಟ್ಟಿದ್ದ ಪ್ಲಾಸ್ಟಿಕ್ ಕುಂಡಗಳ ಕೆಳಗಿನ ತಟ್ಟೆಗಳ ನೀರಿನಲ್ಲಿ ಸೊಳ್ಳೆಯ ಮರಿಹುಳುಗಳು ಕುಣಿಯುತ್ತಿದ್ದವು.

"ಅದು ಶೋಕಿಗೆ ಇಟ್ಟ ನೀರವ್ವಾ" ಎಂದರು ಮಾಸ್ತರರು.

ಶ್ವೇತಾ ತಟ್ಟೆಗಳನ್ನು ಒಂದೊಂದಾಗಿ ಬೋರಲು ಹಾಕಿದಳು. ಶೀಲಾ ಕಟ್ಟೆಯ ಮೇಲೆ ಕುಳಿತು ಜಂಪರಿಗೆ ಗುಂಡಿ ಹಚ್ಚುತ್ತಾ ಎಲ್ಲ ನೋಡಿದಳು. ನಗಬೇಕೆನಿಸಲಿಲ್ಲ. ನಕ್ಕರೆ ಆ ಮನುಷ್ಯನಿಗೆ ಮರ್ಯಾದೆ ಕೊಟ್ಟಂತಾದೀತು ಎನಿಸಿತು.

ವಾರದ ಮೇಲೆ ಮಾಸ್ತರರ ಹೆಂಡತಿ ನಾಗವ್ವ ಹಿತ್ತಲ ಬಾಗಿಲಿಗೆ ಬಂದರು. ಶೀಲಾ ಇಷ್ಟು ವರ್ಷ ಅವರನ್ನೂ ಆ ಅಂಗಳದ ಇನ್ನೊಂದು ಕುಂಡವೆಂದೇ ಎಣಿಸಿದ್ದಳು. ಒಂದೆಲಗದ ಸಸಿ ಬೇಕಾಗಿತ್ತು ಎಂದರು ನಾಗವ್ವ.

"ನಿಮ್ಮ ಅಂಗಳದಾಗ ಮಣ್ಣ ಎಲ್ಲೈತ್ರಿ? ಎಲ್ಲಿ ಹಚ್ಚತೀರಿ?" ಎಂದು ಶೀಲಾ ಒರಟಾಗಿಯೇ ಕೇಳಿದಳು.

ನಾಗವ್ವ ತಮ್ಮ ಅಂಗಳದ ಕಡೆ ತಿರುಗಿ ನೋಡಿದರು.

"ನಿನ್ನ ಕಡೆ ಹಾರಿ ಐತೇನು? ನಾಕ ಟೈಲ್ಸ್ ಎಬ್ಬಸ್ತೇನಿ" ಎಂದರು.

ಶೀಲಾ ಮೂಲೆಯಲ್ಲಿದ್ದ ಕಬ್ಬಿಣದ ಹಾರೆಯನ್ನು ತಂದುಕೊಟ್ಟಳು. ಮರುದಿನ ಮುಂಜಾನೆ ಆಚೆಯಿಂದ ಟೈಲ್ಸ್ ಒಡೆಯುವ ಸದ್ದು ಕೇಳಿತು. ನಡುವೆ ಒಮ್ಮೆ ಮಾಸ್ತರರ ದನಿ ಏರಿತು, ಮತ್ತೆ ಇಳಿಯಿತು. ಸದ್ದು ನಿಲ್ಲಲಿಲ್ಲ. ಶೀಲಾ ಒಂದೆಲಗವನ್ನು ಮಣ್ಣುಸಹಿತ ಕಿತ್ತು ಒದ್ದೆ ಗೋಣಿಯಲ್ಲಿ ಸುತ್ತಿದಳು. ಜೊತೆಗೆ, ಕೇಳದಿದ್ದರೂ, ಬಜೆಯ ಒಂದು ಗಡ್ಡೆಯನ್ನೂ ಇಟ್ಟಳು.